ಥೈರಾಯಿಡ್ ಬೇನೆಯೂ ಅನುಕಂಪದ ಆರೈಕೆಯೂ



ಬೆಳಗಿನ ಜಾವದಲ್ಲಿಯೇ ಎದ್ದು ಕೊಟ್ಟಿಗೆಯ ಕೆಲಸ ಮುಗಿಸಿ, ದೋಸೆ ಹೊಯ್ದು, ಮಕ್ಕಳನ್ನು ಶಾಲೆಗೆ ಅಣಿಗೊಳಿಸುತ್ತಿದ್ದ ಗೃಹಿಣಿಯೊಬ್ಬಳು ಕೆಲವು ತಿಂಗಳಿನಿಂದ ಹಾಸಿಗೆ ಬಿಟ್ಟು ಏಳಲಾರದವಳಾಗುತ್ತಾಳೆ. ಊಟ ಹೆಚ್ಚಾಗದಿದ್ದರೂ ಮೈ ಊದಿಕೊಳ್ಳುತ್ತದೆ. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ಬಿಸಿಲು ಕಾಯುವ ಚೈತ್ರದಲ್ಲಿಯೂ ಚಳಿಯೆಂದು ಕಂಬಳಿ ಬೇಡುತ್ತಾಳೆ. ಒಲೆಯ ಮೇಲೆ ಹಾಲಿಟ್ಟುದು ಮರೆತುಹೋಗುತ್ತದೆ. ಮುಟ್ಟು ಕ್ರಮ ತಪ್ಪುತ್ತದೆ ಅಥವಾ ವಿಪರೀತ ಹೋಗುತ್ತದೆ. ಮನೆಯವರು ಮೊದಲು ನಗುತ್ತಾರೆ, ಆಮೇಲೆ ಗೊಣಗುತ್ತಾರೆ, ಕೊನೆಗೆ ‘ಸೋಮಾರಿ’ ಎಂದು ಹೆಸರಿಡುತ್ತಾರೆ. ಇವೆಲ್ಲಕ್ಕಿಂತ ದುಃಖದ ಸಂಗತಿಯೆಂದರೆ, ಆಕೆಯೂ ಆ ಹೆಸರನ್ನು ಒಪ್ಪಿಕೊಂಡುಬಿಡುತ್ತಾಳೆ.

ಇದು ಸೋಮಾರಿತನವಲ್ಲ, ದೃಷ್ಟಿದೋಷವೂ ಅಲ್ಲ. ಇವು ಒಂದು ರೋಗದ ಲಕ್ಷಣಗಳಾಗಿರಬಹುದು. ರಕ್ತದ ಒಂದು ಪರೀಕ್ಷೆಯಿಂದ ಅದನ್ನು ಕಂಡುಹಿಡಿಯಬಹುದು. ದಿನಕ್ಕೊಂದು ಮಾತ್ರೆಯಿಂದ ಹತೋಟಿಯಲ್ಲಿಡಬಹುದು. ಆದರೆ ಆ ಮಾತ್ರೆಯು ಶರೀರದ ಕೊರತೆಯನ್ನು ತುಂಬಿದರೂ, ತಿಂಗಳುಗಟ್ಟಲೆ ಕೇಳಿದ ನಿಂದೆಯ ಮಾತುಗಳಿಂದಾದ ಗಾಯವನ್ನು ಮಾಯಿಸಲಾರದು. ಅದಕ್ಕೆ ಬೇರೊಂದು ಆರೈಕೆ ಬೇಕಾಗುತ್ತದೆ. ಆ ಎರಡನೆಯ ಆರೈಕೆಯ ವಿಷಯವನ್ನೇ ಇಲ್ಲಿ ಮುಖ್ಯವಾಗಿ ಹೇಳಲಾಗಿದೆ.

ಕಾವಲು ನಾಯಿ ಮನೆಯ ದನವನ್ನೇ ಅಟ್ಟಿದಾಗ

ಕೊರಳಿನ ಮುಂಭಾಗದಲ್ಲಿ, ಗಂಟಲ ಗಂಟಿನ ಸ್ವಲ್ಪ ಕೆಳಗೆ, ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದ ಗ್ರಂಥಿಯೊಂದಿದೆ. ಇದೇ ಥೈರಾಯಿಡ್ ಗ್ರಂಥಿ. ತೂಕ ಹೆಚ್ಚೆಂದರೆ 20 ಗ್ರಾಂ. ಆದರೆ ಅದು ರಕ್ತಕ್ಕೆ ಬಿಡುವ ಹಾರ್ಮೋನು ಎಂಬ ರಸವು ಹೃದಯದ ಬಡಿತ, ಮೈಯ ಶಾಖ, ಕರುಳಿನ ಚಲನೆ, ಮುಟ್ಟಿನ ಕ್ರಮ, ಗರ್ಭದ ಬೆಳವಣಿಗೆ, ಮನಸ್ಸಿನ ಲವಲವಿಕೆ ಇವೆಲ್ಲದರ ಮೇಲೆಯೂ ಪ್ರಭಾವ ಬೀರುತ್ತದೆ. ಒಲೆಯ ಉರಿಯನ್ನು ಹೆಚ್ಚು ಕಡಿಮೆ ಮಾಡುವವರಿದ್ದಂತೆ ಈ ಗ್ರಂಥಿ. ಉರಿ ತಗ್ಗಿದರೆ ಮೇಲೆ ಹೇಳಿದ ಲಕ್ಷಣಗಳು ತೋರುತ್ತವೆ. ಉರಿ ಮಿತಿಮೀರಿದರೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಉಂಡರೂ ಮೈ ಇಳಿಯುತ್ತದೆ, ಬೆವರು ಸುರಿಯುತ್ತದೆ, ನಿದ್ದೆ ಬಾರದು, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಕೆಲವರಿಗೆ ಕಣ್ಣುಗುಡ್ಡೆಗಳು ಮುಂದಕ್ಕೆ ಚಾಚಿದಂತೆ ಕಾಣುತ್ತವೆ.

ಈ ಗ್ರಂಥಿ ಕೆಡಲು ಕಾರಣಗಳು ಹಲವು. ಅವುಗಳಲ್ಲಿ ಒಂದು ವಿಚಿತ್ರವಾದುದು. ನಮ್ಮ ಶರೀರದಲ್ಲಿ ಹೊರಗಿನಿಂದ ಬರುವ ರೋಗಾಣುಗಳನ್ನು ಎದುರಿಸುವ ರಕ್ಷಣಾಶಕ್ತಿಯೊಂದಿದೆಯಷ್ಟೆ. ಅದು ತೋಟದ ಕಾವಲಿಗಿಟ್ಟ ನಾಯಿಯಂತೆ. ಕೆಲವರಲ್ಲಿ ಈ ನಾಯಿಯು ಮನೆಯ ದನವನ್ನೇ ಕಳ್ಳನೆಂದು ಬಗೆದು ಅಟ್ಟಿ ಕಚ್ಚತೊಡಗುತ್ತದೆ. ಹೀಗೆ ತನ್ನ ಶರೀರವೇ ತನ್ನ ಥೈರಾಯಿಡ್ ಗ್ರಂಥಿಯನ್ನು ಅನ್ಯವೆಂದು ತಿಳಿದು ಘಾಸಿಗೊಳಿಸುವುದನ್ನು ಸ್ವರೋಧಕ ಥೈರಾಯಿಡ್ ರೋಗವೆನ್ನುತ್ತಾರೆ. ಗ್ರಂಥಿಯು ಕ್ರಮೇಣ ಸೋತು ರಸ ಕಡಿಮೆಯಾದರೆ ಅದು ಹಾಶಿಮೊಟೊ ರೋಗ. ಗ್ರಂಥಿಯು ಕೆರಳಿ ರಸ ಉಕ್ಕಿದರೆ ಅದು ಗ್ರೇವ್ಸ್ ರೋಗ. ಎರಡನೆಯದು ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ವಿವರಿಸಿದುದು. ಮೊದಲನೆಯದನ್ನು ಜಪಾನಿನ ಯುವ ಶಸ್ತ್ರವೈದ್ಯ ಹಕರು ಹಾಶಿಮೊಟೊ 1912ರಲ್ಲಿ ನಾಲ್ವರು ಸ್ತ್ರೀಯರ ಗ್ರಂಥಿಗಳನ್ನು ಪರಿಶೀಲಿಸಿ ವರದಿ ಮಾಡಿದನು. ಆ ಬಳಿಕ ಆತ ತನ್ನ ಊರಿಗೆ ಮರಳಿ ಸಾಧಾರಣ ವೈದ್ಯನಾಗಿಯೇ ಬಾಳಿ 1934ರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡನು. (ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲಿ ಮೇಳ ಕಟ್ಟಿದ್ದೂ ಅದೇ ವರ್ಷ.) ತಾನು ಕಂಡ ರೋಗಕ್ಕೆ ಕಾರಣ ಶರೀರದ ಸ್ವಂತ ರಕ್ಷಣಾಶಕ್ತಿಯೆಂಬುದು ಆತನಿಗೆ ತಿಳಿದಿರಲಿಲ್ಲ, ಅದು ಲಂಡನ್ನಿನ ಸಂಶೋಧಕರಿಂದ ಸ್ಪಷ್ಟವಾದುದು 1956ರಲ್ಲಿ.

ಈ ರೋಗ ಪುರುಷರಿಗೂ ಬರುತ್ತದೆ. ಆದರೆ ಸ್ತ್ರೀಯರಲ್ಲಿ ಅನೇಕ ಪಟ್ಟು ಹೆಚ್ಚು. ಒಂದೇ ವಂಶದ ಹಲವರಲ್ಲಿ ಕಾಣಿಸಿಕೊಳ್ಳುವ ಪ್ರವೃತ್ತಿಯೂ ಇದಕ್ಕುಂಟು. ಎಂಜಲಿನಿಂದಾಗಲಿ, ಸ್ಪರ್ಶದಿಂದಾಗಲಿ, ದಾಂಪತ್ಯದಿಂದಾಗಲಿ ಇದು ಹರಡುವುದಿಲ್ಲ.

ಕಡಲ ಕರೆಯವರಾದ ನಾವು ಮೀನು ತಿನ್ನುವವರು, ನಮಗೇಕೆ ಥೈರಾಯಿಡ್ ಬೇನೆ ಎಂದು ಕೇಳುವವರುಂಟು. ಪ್ರಶ್ನೆ ಸಹಜವಾದುದೇ. ಗಳಗಂಡಕ್ಕೆ ಅಯೋಡಿನ್ ಕೊರತೆಯೊಂದು ಮುಖ್ಯ ಕಾರಣವೆಂಬುದು ನಿಜ. ಅದರ ನಿಯಂತ್ರಣಕ್ಕಾಗಿ ನಮ್ಮ ದೇಶದಲ್ಲಿ 1962ರಿಂದಲೇ ರಾಷ್ಟ್ರೀಯ ಕಾರ್ಯಕ್ರಮವೊಂದು ನಡೆದುಬಂದಿದೆ. ಆದರೆ ಕಾವಲು ನಾಯಿಯೇ ತಪ್ಪಿ ನಡೆಯುವ ಈ ರೋಗಕ್ಕೆ ಮೀನು ತಡೆಯಲ್ಲ, ಉಪ್ಪೂ ಔಷಧವಲ್ಲ. ಪ್ರೌಢರಿಗೆ ದಿನವೊಂದಕ್ಕೆ ಬೇಕಾದ ಅಯೋಡಿನ್ ಕೇವಲ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250. ಜೀವಮಾನಕ್ಕೆಲ್ಲ ಸೇರಿ ಒಂದು ಚಹಾ ಚಮಚ ತುಂಬೀತು. ಅಯೋಡಿನ್ ಬೆರೆಸಿದ ಉಪ್ಪನ್ನು ಅಡಿಗೆಗೆ ಬಳಸಿದರೆ ಸಾಕಷ್ಟಾಯಿತು. ಸಮುದ್ರದ ನೀರಿನಿಂದ ಮಾಡಿದ ಉಪ್ಪೆಂದ ಮಾತ್ರಕ್ಕೆ ಅದರಲ್ಲಿ ಬೇಕಾದಷ್ಟು ಅಯೋಡಿನ್ ಇರುವುದಿಲ್ಲ. ಆದುದರಿಂದ ಸಾಣಿಕಟ್ಟಾದ ಗದ್ದೆಯ ಹರಳುಪ್ಪಾಗಲಿ ಬೇರೆ ಊರಿನದಾಗಲಿ, ಅಯೋಡಿನ್ ಬೆರೆತಿದೆಯೇ ಎಂದು ಚೀಲದ ಮೇಲೆ ನೋಡಿ ಕೊಳ್ಳುವುದು ಒಳ್ಳೆಯದು. ಇದಕ್ಕೆ ವಿರುದ್ಧವಾಗಿ, ಬೇಗ ಗುಣವಾಗಲೆಂದು ಅಯೋಡಿನ್ ಗುಳಿಗೆಗಳನ್ನೋ ಸಮುದ್ರಪಾಚಿಯ ಪುಡಿಯನ್ನೋ ತರಿಸಿ ನುಂಗುವುದು ಈ ರೋಗದಲ್ಲಿ ಕೇಡನ್ನೇ ಉಂಟುಮಾಡಬಹುದು.

ಮನಸ್ಸಿನ ಮೇಲೆ ಎರಡು ಏಟು

ಥೈರಾಯಿಡ್ ರಸ ಕಡಿಮೆಯಾದಾಗ ಮೆದುಳಿನ ಕೆಲಸವೂ ನಿಧಾನವಾಗುತ್ತದೆ. ಮಂಕು, ಮರೆವು, ಕಾರಣವಿಲ್ಲದ ಅಳು, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ದಾಂಪತ್ಯ ಸುಖದಲ್ಲಿ ನಿರುತ್ಸಾಹ ಇವು ಆ ಕೊರತೆಯ ನೇರ ಫಲಗಳು. ರಸ ಹೆಚ್ಚಾದರೆ ತಳಮಳ, ಭಯ, ಕೋಪ. ಇದು ಮೊದಲನೆಯ ಏಟು.

ಎರಡನೆಯ ಏಟು ರೋಗಿಯು ತನಗೆ ತಾನೇ ಕೊಟ್ಟುಕೊಳ್ಳುವುದು. ‘ನನ್ನಿಂದ ಒಂದು ಕೆಲಸವೂ ಆಗದು, ನಾನು ಈ ಮನೆಗೆ ಭಾರ’ ಎಂದು ಒಳಗೊಳಗೇ ಹಳಿದುಕೊಳ್ಳುವುದು. ನೆಟ್ಟಿಯ ದಿನಗಳಲ್ಲಿ ಓರಗೆಯವರೆಲ್ಲ ಗದ್ದೆಗಿಳಿದಿರುವಾಗ ತಾನೊಬ್ಬಳೇ ಜಗಲಿಯಲ್ಲಿ ಕುಳಿತಿರಬೇಕಾಗಿ ಬಂದರೆ, ಅಡಿಕೆ ಸುಲಿಯುವ ಸಾಲಿನಲ್ಲಿ ತನ್ನ ಬುಟ್ಟಿಯೇ ತುಂಬದೆ ಉಳಿದರೆ, ಆ ನಾಚಿಕೆ ಎಷ್ಟು ಸುಡುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು. ಶರೀರದೊಳಗಿನ ಕಾವಲುಗಾರನು ತನ್ನವರನ್ನೇ ಹೊಡೆಯುತ್ತಿರುವಾಗ ಮನಸ್ಸೂ ಅದನ್ನೇ ಮಾಡುತ್ತದೆಯಲ್ಲ ಎಂದು ನೋಡಿದವರಿಗೆ ಅನಿಸದಿರದು. ಇದು ಹೋಲಿಕೆ ಮಾತ್ರ. ತನ್ನನ್ನು ತಾನು ಹಳಿದುಕೊಂಡುದರಿಂದ ರೋಗ ಬಂದಿತೆಂದು ಅರ್ಥವಲ್ಲ. ಹಾಗೆಂದುಕೊಂಡರೆ ರೋಗಿಯ ತಲೆಯ ಮೇಲೆ ಇನ್ನೊಂದು ಅಪರಾಧ ಹೊರಿಸಿದಂತಾದೀತು.

ಕನಿಕರವೇ ಬೇರೆ, ಅನುಕಂಪವೇ ಬೇರೆ

ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಪಾಲ್ ಗಿಲ್ಬರ್ಟ್ ಎಂಬವರು, ತಮ್ಮನ್ನು ತಾವು ಕಠೋರವಾಗಿ ನಿಂದಿಸಿಕೊಳ್ಳುವ ರೋಗಿಗಳಿಗೆ ಬರಿಯ ಬುದ್ಧಿಮಾತು ಸಾಲದೆಂಬುದನ್ನು ಕಂಡು, ಅನುಕಂಪವನ್ನೇ ಆಧಾರವಾಗಿಟ್ಟುಕೊಂಡ ಚಿಕಿತ್ಸಾಕ್ರಮವೊಂದನ್ನು ರೂಪಿಸಿದರು. ‘ಇದು ನಿನ್ನ ತಪ್ಪಲ್ಲ’ ಎಂಬುದು ಅಂಥವರ ಬುದ್ಧಿಗೆ ತಿಳಿದಿರುತ್ತದೆ, ಆದರೆ ಒಳಗಿನ ದನಿ ಮಾತ್ರ ಬಯ್ಯುತ್ತಲೇ ಇರುತ್ತದೆ. ಮನುಷ್ಯನ ಭಾವನೆಗಳ ಹಿಂದೆ ಮೂರು ಬಗೆಯ ವ್ಯವಸ್ಥೆಗಳಿವೆಯೆಂದು ಅವರು ವಿವರಿಸುತ್ತಾರೆ. ಮೊದಲನೆಯದು ಅಪಾಯ ಕಂಡಾಗ ಎಚ್ಚರಿಸುವುದು. ಹಾವು ಕಂಡರೆ ಕಾಲು ಹಿಂದೆ ಸರಿಯುವುದು ಇದರಿಂದ. ಎರಡನೆಯದು ಬೇಕಾದುದನ್ನು ಸಂಪಾದಿಸಲು ಓಡಿಸುವುದು. ಮೂರನೆಯದು ಶಮನಗೊಳಿಸುವುದು, ಅಳುವ ಕೂಸು ಆಯಿಯ ಹೆಗಲಿಗೊರಗಿದೊಡನೆ ಸುಮ್ಮನಾಗುವುದು ಇದರಿಂದ. ಬಯ್ಗುಳವು ಹೊರಗಿನಿಂದ ಬರಲಿ, ಒಳಗಿನಿಂದ ಬರಲಿ, ಎಚ್ಚರಿಕೆಯ ವ್ಯವಸ್ಥೆ ಅದನ್ನು ಹಾವೆಂದೇ ಬಗೆಯುತ್ತದೆ. ಅದು ಹಗಲಿರುಳು ಕೆರಳಿಯೇ ಇದ್ದರೆ ನಿದ್ದೆ ಕೆಡುತ್ತದೆ, ದಣಿವು ಹೆಚ್ಚುತ್ತದೆ. ಶಮನದ ವ್ಯವಸ್ಥೆಯನ್ನು ಬೇಕೆಂದೇ ಅಭ್ಯಾಸದಿಂದ ಬಲಪಡಿಸುವುದೇ ಈ ಕ್ರಮದ ಸಾರ. ಅಮೆರಿಕದ ಕ್ರಿಸ್ಟಿನ್ ನೆಫ್ ಎಂಬ ವಿದುಷಿಯೂ 2003ರಿಂದ ಇದೇ ದಿಕ್ಕಿನಲ್ಲಿ ಬರೆದು, ತನ್ನ ಬಗ್ಗೆ ತಾನು ತೋರಬೇಕಾದ ದಯೆಯ ವಿಷಯವನ್ನು ಶಾಸ್ತ್ರೀಯ ಅಧ್ಯಯನಕ್ಕೆ ತಂದರು. ತಮ್ಮ ಬಗ್ಗೆ ದಯೆಯುಳ್ಳವರಲ್ಲಿ ಖಿನ್ನತೆಯೂ ಆತಂಕವೂ ಕಡಿಮೆಯಿರುವುದು ಅಂಥ ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳುವುದು ಅವಶ್ಯ. ‘ಅಯ್ಯೋ ಪಾಪ’ ಎಂದು ನಾಲಿಗೆ ಲೊಚಗುಟ್ಟಿ ಹೋಗುವುದು ಕನಿಕರ. ಅದರಿಂದ ರೋಗಿಗೆ ಅವಮಾನವೇ ಹೆಚ್ಚು. ಇನ್ನೊಬ್ಬರ ನೋವನ್ನು ಗಮನಿಸುವುದು, ಗಮನಿಸಿದ ಮೇಲೆ ಅದನ್ನು ತಗ್ಗಿಸಲು ಏನಾದರೂ ಮಾಡುವುದು, ಇವೆರಡೂ ಸೇರಿದರೆ ಅನುಕಂಪ. ಬಾವಿಯಿಂದ ನೀರು ಸೇದಲಾರದವಳನ್ನು ನೋಡಿ ಮರುಗುವುದಕ್ಕಿಂತ ಎರಡು ಕೊಡ ಸೇದಿಕೊಡುವುದು ಮೇಲು.

ಇನ್ನೊಂದು ಮಾತು. ಅನುಕಂಪದ ಅಭ್ಯಾಸದಿಂದ ಥೈರಾಯಿಡ್ ಗ್ರಂಥಿ ಮತ್ತೆ ಚಿಗುರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಮಾತ್ರೆಗೆ ಬದಲಿಯಲ್ಲ. ಮಾತ್ರೆಯನ್ನು ತಪ್ಪದೆ ನುಂಗುವ, ಪರೀಕ್ಷೆಗೆ ಹೆದರದೆ ಹೋಗುವ, ಕೈಲಾದಷ್ಟು ಕೆಲಸ ಮಾಡಿ ದಣಿದಾಗ ಕುಳಿತುಕೊಳ್ಳುವ ಮನಸ್ಥಿತಿಯನ್ನು ಅದು ಕೊಡುತ್ತದೆ. ಜೀವಮಾನವಿಡೀ ಇರಬಹುದಾದ ರೋಗದಲ್ಲಿ ಇದು ಸಣ್ಣ ಲಾಭವೇನೂ ಅಲ್ಲ.

ರೋಗಿಯು ಮಾಡಬಹುದಾದ ಅಭ್ಯಾಸ

ದಿನದಲ್ಲಿ ಒಂದು ಹೊತ್ತು, ಸಂಜೆ ದೀಪ ಹಚ್ಚಿದ ಮೇಲಾದರೂ ಸರಿ, ಜಗಲಿಯ ಕಂಬಕ್ಕೊರಗಿ ಐದು ನಿಮಿಷ ಕುಳಿತುಕೊಳ್ಳಿ. ಒಂದು ಕೈಯನ್ನು ಎದೆಯ ಮೇಲಿಟ್ಟುಕೊಳ್ಳಿ. ಉಸಿರನ್ನು ಬಲಾತ್ಕಾರ ಮಾಡದೆ ನಿಧಾನಗೊಳಿಸಿ. ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಬಿಡುವುದು ತುಸು ದೀರ್ಘವಾಗಿರಲಿ. ಹಿನ್ನೀರಿನ ಅಲೆ ದಡಕ್ಕೆ ಬಂದು ಹೋಗುವಂತೆ ಉಸಿರು ಬಂದು ಹೋಗಲಿ. ನಿಮಿಷಕ್ಕೆ ಐದಾರು ಉಸಿರಾದರೆ ಸಾಕು, ಎಣಿಸಲೇಬೇಕೆಂದಿಲ್ಲ.

ಬಳಿಕ ಹೀಗೆ ಯೋಚಿಸಿ: ನಿಮ್ಮ ಒಡಹುಟ್ಟಿದ ತಂಗಿಗೆ ಇದೇ ರೋಗ ಬಂದು, ಆಕೆ ನಿಮ್ಮೆದುರು ಕುಳಿತು ‘ಅಕ್ಕಾ, ನನ್ನಿಂದ ಏನೂ ಆಗುವುದಿಲ್ಲ’ ಎಂದು ಅತ್ತರೆ ನೀವೇನು ಹೇಳುವಿರಿ? ‘ಸೋಮಾರಿ, ಎದ್ದು ಕೆಲಸ ನೋಡು’ ಎನ್ನುವಿರಾ? ಖಂಡಿತ ಇಲ್ಲ. ಆಕೆಯ ತಲೆ ಸವರಿ, ಇವತ್ತಿಗೆ ಇಷ್ಟೇ ಸಾಕು, ಉಳಿದುದನ್ನು ನಾಳೆ ಮಾಡೋಣ ಎನ್ನುವಿರಿ. ಆ ಮಾತನ್ನೇ, ಆ ದನಿಯಲ್ಲಿಯೇ, ನಿಮಗೆ ನೀವು ಹೇಳಿಕೊಳ್ಳಿ. ಬರೆಯಬಲ್ಲವರು ತಂಗಿಗೆ ಕಾಗದ ಬರೆಯುವಂತೆ ತಮಗೇ ಒಂದು ಕಾಗದ ಬರೆದುಕೊಂಡು, ಮನಸ್ಸು ಕುಗ್ಗಿದ ದಿನ ತೆಗೆದು ಓದಿಕೊಳ್ಳಬಹುದು. ಮೊದಮೊದಲು ಇದು ನಾಟಕವೆನಿಸೀತು. ಕೆಲವರಿಗೆ ತಡೆಯಲಾರದಷ್ಟು ಅಳುವೂ ಬರುತ್ತದೆ. ಬಹುಕಾಲ ಯಾರೂ ಮೃದುವಾಗಿ ಮಾತನಾಡಿಸದವರಿಗೆ ಮೃದುಮಾತು ಮೊದಲು ನೋವನ್ನೇ ಕೆದಕುತ್ತದೆ. ಅಂಥ ದಿನ ಹಟ ಹಿಡಿಯದೆ ನಿಲ್ಲಿಸಿ, ಮರುದಿನ ಮತ್ತೆ ಕುಳಿತುಕೊಳ್ಳಿ.

ಹೀಗೆ ತನಗೆ ತಾನೇ ದಯೆ ತೋರಿಕೊಂಡರೆ ಮನುಷ್ಯ ಮೈಗಳ್ಳನಾಗುತ್ತಾನೆಂಬ ಭಯ ನಮ್ಮ ಹಿರಿಯರಲ್ಲಿದೆ. ನಮಗೆ ತೋರುವಂತೆ ಸಂಗತಿ ಇದಕ್ಕೆ ತಿರುಗುಮುರುಗಾದುದು. ಹೊಡೆದು ಹೂಡುವ ಎತ್ತಿಗಿಂತ ನೇವರಿಸಿ ಹೂಡುವ ಎತ್ತು ಹೆಚ್ಚು ಕಾಲ ನೇಗಿಲೆಳೆಯುತ್ತದೆಂಬುದನ್ನು ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಪತಿಯಾದವನಿಗೆ

ನಿಮ್ಮ ಹೆಂಡತಿ ಮೊದಲಿನಂತಿಲ್ಲವೆಂದು ಕಂಡಾಗ ಪ್ರಥಮತಃ ಜಗಳಕ್ಕೆ ತೊಡಗದೆ ರಕ್ತಪರೀಕ್ಷೆಗೆ ಕರೆದುಕೊಂಡು ಹೋಗಿ. ಹೊನ್ನಾವರ, ಕುಮಟಾ, ಭಟ್ಕಳಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ಮೊದಲು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿದರೂ ಆದೀತು. ‘ಹೋಗಿ ಬಾ’ ಎಂದು ಬಸ್ಸಿನ ಹಣ ಕೊಟ್ಟು ಕಳುಹಿಸುವುದಕ್ಕೂ ಜೊತೆಯಲ್ಲಿ ಹೋಗಿ ವೈದ್ಯರ ಮಾತನ್ನು ಸ್ವತಃ ಕೇಳುವುದಕ್ಕೂ ಅಜಗಜಾಂತರವಿದೆ. ರೋಗದ ಹೆಸರನ್ನು ವೈದ್ಯರ ಬಾಯಿಂದಲೇ ಕೇಳಿದ ಗಂಡನು ಮನೆಯಲ್ಲಿ ಹೆಂಡತಿಯ ಪರವಾಗಿ ಮಾತನಾಡಬಲ್ಲನು.

‘ನಿನಗೇನಾಗಿದೆ?’ ಎಂದು ಗದರುವ ಬದಲು ‘ಇವತ್ತು ಹೇಗಿದೆ? ನಾನೇನು ಮಾಡಲಿ?’ ಎಂದು ಕೇಳಿ. ಮೈ ದಪ್ಪವಾದುದನ್ನು ನಾಲ್ವರೆದುರು ಹಾಸ್ಯ ಮಾಡಬೇಡಿ. ಅನ್ಯರ ಹೆಂಡಿರೊಂದಿಗೆ ಹೋಲಿಸಬೇಡಿ. ಹಾಸಿಗೆಯಲ್ಲಿ ಆಕೆ ವಿಮುಖಳಾದರೆ ಅದನ್ನು ತಿರಸ್ಕಾರವೆಂದು ತಿಳಿಯದಿರಿ. ಚಿಕಿತ್ಸೆ ಸರಿಹೋದಂತೆ ಆ ಉತ್ಸಾಹವೂ ಸಾಮಾನ್ಯವಾಗಿ ಮರಳುತ್ತದೆ. ಗ್ರೇವ್ಸ್ ರೋಗದಲ್ಲಿ ಆಕೆ ಸಿಡುಕಿದರೆ ತಿರುಗಿ ಸಿಡುಕದೆ ಸ್ವಲ್ಪ ಹೊತ್ತು ಅಂಗಳಕ್ಕೆ ಹೋಗಿ ಬನ್ನಿ. ಆ ರೋಗದಲ್ಲಿ ಕಣ್ಣು ಕೆಡುವ ಅಪಾಯವನ್ನು ಧೂಮಪಾನವು ಹೆಚ್ಚಿಸುತ್ತದೆ. ಮನೆಯೊಳಗೆ ಬೀಡಿ ಸಿಗರೇಟು ಸೇದುವ ಗಂಡಸರು ಇದನ್ನು ಗಮನಿಸಬೇಕು.

ಭಟ್ಕಳ ಸೀಮೆಯ ಎಷ್ಟೋ ಮನೆಗಳಲ್ಲಿ ಪತಿಯು ದುಬೈ, ಸೌದಿ ಅರೇಬಿಯಾಗಳಲ್ಲಿ ದುಡಿಯುತ್ತಿರುತ್ತಾನೆ. ಅಂಥವನು ದೂರವಾಣಿಯಲ್ಲಿ ಮೊದಲು ಹಣದ ಲೆಕ್ಕ ಕೇಳದೆ ಮಾತ್ರೆ ಆಯಿತೇ, ನಿದ್ದೆ ಬಂತೇ ಎಂದು ಕೇಳಿದರೂ ಅದು ದೊಡ್ಡ ಆಸರೆಯೇ. ದೋಣಿಯಲ್ಲಿ ಮೀನಿಗೆ ಹೋಗಿ ದಿನಗಟ್ಟಲೆ ಬಾರದವರಿಗೂ ಇದು ಅನ್ವಯಿಸುತ್ತದೆ.

ಇನ್ನು ರೋಗ ಪತಿಗೇ ಬಂದರೆ? ಅದು ಹೆಂಗಸರ ಬೇನೆಯೆಂಬ ತಪ್ಪು ತಿಳುವಳಿಕೆಯಿಂದ ಗಂಡಸರು ಅಡಗಿಸಿಡುವುದುಂಟು. ದಣಿವನ್ನು ಮುಚ್ಚಲು ಕುಡಿತಕ್ಕಿಳಿದವರ ಸ್ಥಿತಿ ಇನ್ನೂ ಕಷ್ಟ. ಅವರಿಗೂ ಮೇಲಿನ ಮಾತೆಲ್ಲ ಸಲ್ಲುತ್ತದೆ.

ಅತ್ತೆ ಮಾವಂದಿರಿಗೆ, ನಾದಿನಿಯರಿಗೆ ಹೇಳಬೇಕಾದುದು ಹೆಚ್ಚಿಲ್ಲ. ಸೊಸೆಗೆ ಕಾಮಾಲೆಯೋ ಮುರಿದ ಕಾಲೋ ಆಗಿದ್ದರೆ ಹೇಗೆ ನಡೆದುಕೊಳ್ಳುತ್ತಿದ್ದಿರೋ ಹಾಗೆಯೇ ನಡೆದುಕೊಳ್ಳಿರಿ. ಈ ರೋಗ ಕಣ್ಣಿಗೆ ಕಾಣದೆಂಬುದಷ್ಟೇ ವ್ಯತ್ಯಾಸ. ಇಡಗುಂಜಿಯ ಗಣಪತಿಗೆ ಹರಕೆ ಹೊರುವುದನ್ನು ಯಾರೂ ಬೇಡವೆನ್ನುವುದಿಲ್ಲ. ಅದರಿಂದ ಮನಸ್ಸಿಗೆ ಧೈರ್ಯ ಬರುವುದಾದರೆ ಒಳ್ಳೆಯದೇ. ಪಂಚಕಜ್ಜಾಯದ ಪ್ರಸಾದ ತಂದ ಕೈಯೇ ಔಷಧದ ಚೀಟಿಯನ್ನೂ ತರಲಿ.

ಮಾತ್ರೆಯ ವಿಷಯ

ರಸದ ಕೊರತೆಗೆ ಕೊಡುವುದು ಲಿವೋಥೈರಾಕ್ಸಿನ್ ಎಂಬ ಮಾತ್ರೆ. ಇದು ಗ್ರಂಥಿಯು ಮಾಡಬೇಕಾಗಿದ್ದ ರಸವೇ. ಶರೀರಕ್ಕೆ ಅನ್ಯವಾದ ಉಗ್ರ ಔಷಧವೆಂಬ ಭಯ ಬೇಡ. ಇಂಗ್ಲೆಂಡಿನಲ್ಲಿ ಜಾರ್ಜ್ ಮರೆ ಎಂಬ ವೈದ್ಯನು 1891ರಲ್ಲಿ ಕುರಿಯ ಥೈರಾಯಿಡ್ ಗ್ರಂಥಿಯ ಸಾರವನ್ನು ಚುಚ್ಚಿ ರೋಗಿಯೊಬ್ಬಳನ್ನು ಬದುಕಿಸಿದನು. ಆಕೆ ಆಮೇಲೆ 28 ವರ್ಷ ಬಾಳಿದಳು. ಆ ಕಾಲದವರಿಗೆ ಅದು ಪವಾಡದಂತೆ ತೋರಿತು. ಇಂದು ಅದೇ ಫಲ ಸಾಸಿವೆಗಿಂತ ತುಸು ದೊಡ್ಡದಾದ ಗುಳಿಗೆಯಲ್ಲಿ ಸಿಗುತ್ತದೆ.

ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಬೇಕು. ಚಹಾ, ಕಷಾಯ, ಗಂಜಿ, ದೋಸೆ ಯಾವುದೇ ಆದರೂ ಅರ್ಧ ಗಂಟೆಯಿಂದ ಒಂದು ಗಂಟೆ ಕಳೆದ ಮೇಲೆ. ಕಬ್ಬಿಣಾಂಶದ ಮಾತ್ರೆ, ಸುಣ್ಣದಂಶದ ಮಾತ್ರೆಗಳನ್ನು ಇದರೊಡನೆ ನುಂಗಿದರೆ ಇದು ರಕ್ತಕ್ಕೆ ಸೇರದೆ ವ್ಯರ್ಥವಾಗುತ್ತದೆ. ನಡುವೆ ನಾಲ್ಕು ಗಂಟೆ ಅಂತರವಿರಲಿ. ಸಂಕಷ್ಟಿ, ಏಕಾದಶಿಯ ಉಪವಾಸದ ದಿನಗಳಲ್ಲಿಯೂ ಮಾತ್ರೆ ಬಿಡಬಾರದು. ಗುಟುಕು ನೀರಿನಿಂದ ವ್ರತ ಕೆಡದು. ರಂಜಾನ್ ತಿಂಗಳಲ್ಲಿ ಹೊತ್ತನ್ನು ರಾತ್ರಿಗೆ ಬದಲಾಯಿಸಿಕೊಳ್ಳುವ ಕ್ರಮವಿದೆ. ಮೊದಲೇ ವೈದ್ಯರನ್ನು ಕೇಳಿಕೊಳ್ಳಬೇಕು. ಮಳೆಗಾಲದ ತೇವಕ್ಕೆ ಗುಳಿಗೆ ಹಾಳಾಗದಂತೆ ಪಟ್ಟಿಯಿಂದ ಬಿಡಿಸದೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಒಲೆಯ ಹತ್ತಿರದ ಗೂಡು ಅದಕ್ಕೆ ತಕ್ಕ ಸ್ಥಳವಲ್ಲ. ಒಂದು ದಿನ ಮರೆತರೆ ಗಾಬರಿಯಾಗಬೇಡಿ, ಔಷಧದ ಅಂಶ ರಕ್ತದಲ್ಲಿ ಕೆಲವು ದಿನ ಉಳಿದಿರುತ್ತದೆ. ಅದೇ ಕಾರಣದಿಂದ ಗುಣವೂ ಒಮ್ಮೆಗೇ ಕಾಣದು. ಪ್ರಮಾಣ ಸರಿಯೇ ಎಂದು ತಿಳಿಯಲು ಆರೆಂಟು ವಾರಗಳ ಬಳಿಕ ಟಿ.ಎಸ್.ಎಚ್. ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ಮೈ ಹಗುರಾಯಿತೆಂದು ತಾನಾಗಿ ಮಾತ್ರೆ ನಿಲ್ಲಿಸುವುದು ಬಹುಮಂದಿ ಮಾಡುವ ತಪ್ಪು. ಹಾಗೆಯೇ ಬೇಗ ತೆಳ್ಳಗಾಗಲೆಂದು ಎರಡೆರಡು ನುಂಗುವುದು ಹೃದಯಕ್ಕೆ ಅಪಾಯಕರ.

ಗ್ರೇವ್ಸ್ ರೋಗಕ್ಕೆ ಬೇರೆ ಔಷಧಗಳಿವೆ. ಅವನ್ನು ಸೇವಿಸುವಾಗ ಜ್ವರವೋ ಗಂಟಲು ನೋವೋ ಬಂದರೆ ಅದೇ ದಿನ ವೈದ್ಯರಿಗೆ ತಿಳಿಸತಕ್ಕದ್ದು.

ಬಸುರಿಯೂ ಬಾಣಂತಿಯೂ

ಕುಟುಂಬ ಕಲ್ಯಾಣದ ದೃಷ್ಟಿಯಿಂದ ಈ ಭಾಗವನ್ನು ದಂಪತಿಗಳಿಬ್ಬರೂ ಕುಳಿತು ಓದಬೇಕೆಂದು ನಮ್ಮ ಕೋರಿಕೆ.

ಚಿಕಿತ್ಸೆಯಿಲ್ಲದ ಥೈರಾಯಿಡ್ ಕೊರತೆಯಿಂದ ಗರ್ಭ ನಿಲ್ಲುವುದು ತಡವಾಗಬಹುದು, ನಿಂತುದು ಜಾರಲೂಬಹುದು. ಎಷ್ಟೋ ಕುಟುಂಬಗಳಲ್ಲಿ ಇದೊಂದು ಕಾರಣಕ್ಕೆ ಹೆಣ್ಣು ಮಗಳಿಗೆ ‘ಬಂಜೆ’ ಎಂಬ ಪಟ್ಟ ಕಟ್ಟಿ, ಗಂಡನಿಗೆ ಎರಡನೆಯ ಮದುವೆಯ ಮಾತೆತ್ತುವವರೆಗೆ ಸಂಗತಿ ಬೆಳೆಯುತ್ತದೆ. ಸರಿಯಾದ ಚಿಕಿತ್ಸೆಯಲ್ಲಿರುವ ಬಹುಪಾಲು ಸ್ತ್ರೀಯರು ಆರೋಗ್ಯವಂತ ಮಕ್ಕಳನ್ನು ಹೆರುತ್ತಾರೆ. ಆದುದರಿಂದ ರೋಗ ಹತೋಟಿಗೆ ಬರುವ ತನಕ ಗರ್ಭನಿರೋಧಕ ವಿಧಾನವೊಂದನ್ನು ಅನುಸರಿಸಿ, ವೈದ್ಯರು ಸರಿಯೆಂದ ಮೇಲೆ ಮಗುವನ್ನು ಬಯಸುವುದು ಯುಕ್ತ. ಗ್ರೇವ್ಸ್ ರೋಗದ ಕೆಲವು ಔಷಧಗಳನ್ನು ಗರ್ಭಕ್ಕೆ ಮೊದಲೇ ಬದಲಾಯಿಸಬೇಕಾಗುವುದರಿಂದ ಅಲ್ಲಿ ಈ ಯೋಜನೆ ಇನ್ನಷ್ಟು ಅವಶ್ಯ.

ಮುಟ್ಟು ನಿಂತಿತೆಂದು ತಿಳಿದ ಕೂಡಲೇ, ಮೂರು ತಿಂಗಳು ತುಂಬಲೆಂದು ಕಾಯದೆ, ಆಸ್ಪತ್ರೆಗೆ ಹೋಗಿ. ಗರ್ಭದಲ್ಲಿರುವ ಶಿಶುವಿನ ಮೆದುಳು ಮೊದಲ ತಿಂಗಳುಗಳಲ್ಲಿ ತಾಯಿಯ ಥೈರಾಯಿಡ್ ರಸವನ್ನೇ ನೆಚ್ಚಿಕೊಂಡಿರುತ್ತದೆ. ಆ ಕಾಲದಲ್ಲಿ ಮಾತ್ರೆಯ ಪ್ರಮಾಣವನ್ನು ಸಾಮಾನ್ಯವಾಗಿ ಕಾಲು ಭಾಗದಿಂದ ಅರ್ಧ ಭಾಗದಷ್ಟು ಹೆಚ್ಚಿಸಬೇಕಾಗುತ್ತದೆ. ‘ಬಸುರಿಯಲ್ಲಿ ಇಂಗ್ಲಿಷ್ ಔಷಧ ಬೇಡ’ ಎಂದು ಹಿರಿಯರು ಮಾತ್ರೆ ಬಿಡಿಸಿದರೆ ಕೂಸಿಗೇ ಹಾನಿ. ಮೊಲೆಯೂಡುವಾಗಲೂ ಇದು ನಿರಪಾಯಕರ.

ಹೆರಿಗೆಯ ನಂತರದ ಒಂದು ವರ್ಷವೂ ಎಚ್ಚರದ ಕಾಲ. ಗರ್ಭದಲ್ಲಿ ತಣ್ಣಗಿದ್ದ ರಕ್ಷಣಾಶಕ್ತಿಯು ಆಗ ಮರಳಿ ಕೆರಳುವುದರಿಂದ, ಹಿಂದೆ ಈ ರೋಗವಿರದಿದ್ದ ಬಾಣಂತಿಯರಲ್ಲಿಯೂ ಗ್ರಂಥಿಯ ಉರಿಯೂತ ತೋರಬಹುದು. ಮೊದಲು ಕೆಲವು ವಾರ ಎದೆ ಡವಗುಟ್ಟುವುದು, ನಿದ್ದೆಗೇಡು. ಆಮೇಲೆ ಮಂಕು, ಅಳು, ದಣಿವು. ತವರಿನಲ್ಲಿ ಬಾಣಂತನ ಮುಗಿಸಿ ಬಂದವಳು ಇನ್ನೂ ಎಣ್ಣೆನೀರಿನ ಸುಖದಲ್ಲಿಯೇ ಇದ್ದಾಳೆಂದು ಮನೆಯವರು ಕುಟುಕುವ ಕಾಲವೂ ಅದೇ. ಅನುಕಂಪ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದುದು ಇಲ್ಲಿ. ರಾತ್ರಿ ಒಂದು ಹೊತ್ತು ಕೂಸನ್ನು ಪತಿಯು ಎತ್ತಿಕೊಂಡು ತಿರುಗಿದರೆ ತಾಯಿಗೆ ಮೂರು ಗಂಟೆ ನಿದ್ದೆಯಾದರೂ ದೊರೆತೀತು. ಹುಟ್ಟಿದ ಮಗುವಿನ ಥೈರಾಯಿಡ್ ಪರೀಕ್ಷೆಯ ಬಗ್ಗೆಯೂ ಆಸ್ಪತ್ರೆಯಲ್ಲಿಯೇ ವಿಚಾರಿಸಿಕೊಳ್ಳಿ.

ದುಃಖ ಮಿತಿಮೀರಿದರೆ

ಎರಡು ವಾರಕ್ಕೂ ಮೀರಿ ಮನಸ್ಸು ಕತ್ತಲೆಯಲ್ಲಿಯೇ ಇದ್ದರೆ, ಊಟ ನಿದ್ದೆ ಬಿಟ್ಟರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ, ಅಥವಾ ‘ನಾನಿಲ್ಲದಿದ್ದರೇ ಮೇಲು’ ಎಂಬ ಮಾತು ಬಾಯಿಂದ ಬಂದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕಬೇಡಿ. ಆಕೆಯನ್ನು ಒಬ್ಬಳನ್ನೇ ಬಿಡಬೇಡಿ. ತೋಟದ ಕೀಟನಾಶಕದ ಡಬ್ಬಿಗಳನ್ನು ಬೀಗದೊಳಗಿಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಮೆಲ್ಲನೆ ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ.

ಮನೋವೈದ್ಯರನ್ನು ಕಾಣುವುದೆಂದರೆ ಹುಚ್ಚಾಸ್ಪತ್ರೆಗೆ ಸೇರಿಸುವುದೆಂಬ ಹಳೆಯ ಭಾವನೆಯನ್ನು ಬಿಡಬೇಕು. ಬೆಂಗಳೂರಿನಲ್ಲಿ 1974ರಲ್ಲಿ ಸ್ಥಾಪಿತವಾದ ನಿಮ್ಹಾನ್ಸ್ ಸಂಸ್ಥೆಯು, ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರೂ ಸಿಬ್ಬಂದಿಯೂ ತರಬೇತಿ ಪಡೆದರೆ ಮನಸ್ಸಿನ ಕಾಯಿಲೆಗಳನ್ನು ಅಲ್ಲಿಯೇ ಗುರುತಿಸಿ ನೋಡಿಕೊಳ್ಳಬಲ್ಲರೆಂಬುದನ್ನು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ಪ್ರಯೋಗ ಮಾಡಿ ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯ ಪ್ರಯೋಗವೇ ಮಾದರಿಯಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಮಳೆಗೆ ದಾರಿ ಕಟ್ಟಿದ ಘಟ್ಟದ ಬುಡದ ಮನೆಯವರಿಗೂ ಇದು ನಿಲುಕುವಂಥದು. ಊರಿನ ಆಶಾ ಕಾರ್ಯಕರ್ತೆಯೊಡನೆ ಮೊದಲು ಮಾತನಾಡಿದರೂ ಸರಿ. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಸಾಲ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ವಿಷಯ ಎತ್ತಿ ನೋಡಿ. ಅದೇ ಮಾತ್ರೆ ನುಂಗುವ ಇನ್ನೊಬ್ಬರು ಅಲ್ಲಿ ಸಿಗುವ ಸಂಭವ ಹೆಚ್ಚು. ತನ್ನಂತೆಯೇ ಇನ್ನೊಬ್ಬಳಿದ್ದಾಳೆಂದು ತಿಳಿದ ಕ್ಷಣವೇ ಅರ್ಧ ನಾಚಿಕೆ ಇಳಿದುಹೋಗುತ್ತದೆ.

ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಹಿಂದಿನ ರಕ್ತಪರೀಕ್ಷೆಯ ಕಾಗದಗಳನ್ನೂ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ. ರಕ್ತ ಕೊಡುವ ದಿನದ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗುವುದು ರೂಢಿ, ಅದನ್ನೂ ಜೊತೆಗಿಟ್ಟುಕೊಳ್ಳಿ. ದಣಿವು, ನಿದ್ದೆ, ಮುಟ್ಟು ಇವುಗಳ ಬಗ್ಗೆ ಕೇಳಬೇಕಾದುದನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ವೈದ್ಯರೆದುರು ಮರೆತುಹೋಗುವುದಿಲ್ಲ. ಚೀಟಿಯ ಕೊನೆಯ ಸಾಲಿನಲ್ಲಿ ಮನಸ್ಸು ಹೇಗಿದೆಯೆಂಬುದನ್ನೂ ಬರೆಯಿರಿ; ಹೆಂಡತಿಯು ಹೇಳಲು ಸಂಕೋಚಪಟ್ಟರೆ ಆಕೆಯ ಒಪ್ಪಿಗೆ ಪಡೆದು ಆ ಸಾಲನ್ನು ಗಂಡನು ಓದಿ ಹೇಳಲಿ.